ಮೊದಲು ಫಿಲ್ಮ್, ಆಮೇಲೆ ಕ್ಯಾಮೆರಾ: ಹಳೇ ಕ್ಯಾಮೆರಾಗಳಲ್ಲಿ ಇನ್‌ಸ್ಟಂಟ್ ಫೋಟೋ ತೆಗೆಯುವ ಬಗೆ

ಹಳೇ ಪೊಲರಾಯ್ಡ್ ಕ್ಯಾಮೆರಾ ಕೈಗೆ ಸಿಕ್ಕವರು ಮೊದಲು ಧೂಳು ಒರೆಸುತ್ತಾರೆ, ಆಮೇಲೆ ಗುಂಡಿ ಒತ್ತಿ ನೋಡುತ್ತಾರೆ. ಏನೂ ಆಗುವುದಿಲ್ಲ. ಕೆಟ್ಟಿದೆ ಅಂದುಕೊಂಡು ಷೋಕೇಸಿಗೆ ಸೇರಿಸುತ್ತಾರೆ. ಕೆಟ್ಟಿರಲೇಬೇಕು ಅಂತೇನಿಲ್ಲ. ಪೊಲರಾಯ್ಡ್‌ನ ಎಸ್‌ಎಕ್ಸ್-70 ಮತ್ತು 600 ಸಾಲಿನ ಕ್ಯಾಮೆರಾಗಳ ಮೈಯೊಳಗೆ ಬ್ಯಾಟರಿಯೇ ಇರುವುದಿಲ್ಲ. ಪ್ರತಿ ಫಿಲ್ಮ್ ಪ್ಯಾಕಿನ ತಳದಲ್ಲಿ ತೆಳ್ಳಗಿನ 6 ವೋಲ್ಟಿನ ಬ್ಯಾಟರಿ ಕೂತಿರುತ್ತದೆ. ಮೋಟಾರು, ಶಟರ್, ಫ್ಲ್ಯಾಶ್ ಎಲ್ಲವೂ ನಡೆಯುವುದು ಅದರಿಂದ. ಪ್ಯಾಕ್ ಇಲ್ಲದಿದ್ದರೆ ಅದು ಬರೀ ಪ್ಲಾಸ್ಟಿಕ್ ಡಬ್ಬಿ.

ಈ ಹವ್ಯಾಸದಲ್ಲಿ ದುಡ್ಡು ಉಳಿಸುವ ದಾರಿ ಒಂದೇ. ಚೆಂದದ ಕ್ಯಾಮೆರಾ ಕಂಡು ಮರುಳಾಗುವ ಮೊದಲು ಅದಕ್ಕೆ ಹೊಂದುವ ಫಿಲ್ಮ್ ಇವತ್ತೂ ತಯಾರಾಗುತ್ತಿದೆಯೇ ಎಂದು ನೋಡಿಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ಯಾವುದು ಸಿಗುತ್ತದೆ, ಯಾವುದು ನಿಂತುಹೋಗಿದೆ

ಪೊಲರಾಯ್ಡ್ ಕಂಪನಿ ಕಟ್ಟಿದ ಎಡ್ವಿನ್ ಲ್ಯಾಂಡ್ ತನ್ನ ಇನ್‌ಸ್ಟಂಟ್ ಫೋಟೋ ವಿಧಾನವನ್ನು ನ್ಯೂಯಾರ್ಕಿನಲ್ಲಿ ತೋರಿಸಿದ್ದು 1947ರ ಫೆಬ್ರವರಿಯಲ್ಲಿ. ಮೊದಲ ಕ್ಯಾಮೆರಾ ಮಾಡೆಲ್ 95 ಬಾಸ್ಟನ್ನಿನ ಅಂಗಡಿಗೆ ಬಂದದ್ದು 1948ರ ನವೆಂಬರಿನಲ್ಲಿ. ಅಲ್ಲಿಂದೀಚೆಗೆ ಫಿಲ್ಮಿನ ಸ್ವರೂಪ ಹಲವು ಸಲ ಬದಲಾಗಿದೆ. ಕೊಳ್ಳುವವನ ಕಣ್ಣಿನಿಂದ ನೋಡಿದರೆ ಅವು ಇಷ್ಟು ಬಗೆ.

ಮಾಡೆಲ್ 95ರಂಥ ರೋಲ್ ಫಿಲ್ಮ್ ಕ್ಯಾಮೆರಾಗಳಿಗೆ ಫಿಲ್ಮ್ 1992ರಲ್ಲೇ ನಿಂತಿತು. ನೋಡಲು ಗಂಭೀರವಾಗಿವೆ, ತೂಕವೂ ಇದೆ. ಅಲಂಕಾರಕ್ಕೆ ಬೇಕಿದ್ದರೆ ತನ್ನಿ.

1963ರಲ್ಲಿ ಬಂದ 100 ಸಾಲಿನ ಮಡಚುವ ಲ್ಯಾಂಡ್ ಕ್ಯಾಮೆರಾಗಳು ಸಿಪ್ಪೆ ಸುಲಿದಂತೆ ಕಾಗದ ಬಿಡಿಸುವ ಪ್ಯಾಕ್ ಫಿಲ್ಮಿನವು. ಇದಕ್ಕೆ ಕೊನೆಯ ಆಸರೆಯಾಗಿದ್ದ ಫ್ಯೂಜಿಯ ಎಫ್‌ಪಿ-100ಸಿ ತಯಾರಿಕೆ ನಿಂತದ್ದು 2016ರಲ್ಲಿ. ಅವಧಿ ಮುಗಿದ ಪ್ಯಾಕುಗಳು ಈಗಲೂ ದುಬಾರಿ ಬೆಲೆಗೆ ಕೈ ಬದಲಾಗುತ್ತವೆ. ಒಳಗಿನ ರಾಸಾಯನಿಕ ಒಣಗಿದ್ದರೆ ಅರ್ಧ ಚಿತ್ರವೂ ಬರುವುದಿಲ್ಲ. ಆನ್‌ಲೈನಿನಲ್ಲಿ "ವಿಂಟೇಜ್ ಪೊಲರಾಯ್ಡ್, ಒಳ್ಳೇ ಕಂಡೀಷನ್" ಎಂದು ಕಡಿಮೆ ಬೆಲೆಗೆ ಕಾಣುವವು ಬಹುಪಾಲು ಇವೇ. ಅಷ್ಟು ಅಗ್ಗ ಯಾಕೆಂದು ಈಗ ಗೊತ್ತಾಯಿತಲ್ಲ.

ಸ್ಪೆಕ್ಟ್ರಾ ಅಥವಾ ಇಮೇಜ್ ಎಂಬ ಅಗಲ ಚಿತ್ರದ ಕ್ಯಾಮೆರಾಗಳಿಗೆ 2019ರಲ್ಲಿ ಫಿಲ್ಮ್ ನಿಂತಿತು. ಇದರಲ್ಲಿ ಜನ ಹೆಚ್ಚು ಮೋಸ ಹೋಗುತ್ತಾರೆ, ಯಾಕೆಂದರೆ ನೋಡಲು 600ರ ಅಣ್ಣತಮ್ಮಂದಿರಂತೆಯೇ ಇರುತ್ತವೆ. ಮುಂಭಾಗದಲ್ಲಿ ಬರೆದದ್ದನ್ನು ಓದಿ.

ಉಳಿದದ್ದು ಎರಡು: 1972ರ ಎಸ್‌ಎಕ್ಸ್-70, 1981ರಿಂದೀಚಿನ 600. ಇವೂ ಹೋಗೇಬಿಡುತ್ತಿದ್ದವು. ಪೊಲರಾಯ್ಡ್ ಕಂಪನಿ 2008ರಲ್ಲಿ ಇನ್‌ಸ್ಟಂಟ್ ಫಿಲ್ಮನ್ನು ಪೂರ್ತಿ ಕೈಬಿಟ್ಟಾಗ ನೆದರ್‌ಲೆಂಡ್ಸ್‌ನ ಎನ್‌ಸ್ಖೆಡೆಯಲ್ಲಿದ್ದ ಅದರ ಕೊನೆಯ ಕಾರ್ಖಾನೆಯನ್ನು ಇಂಪಾಸಿಬಲ್ ಪ್ರಾಜೆಕ್ಟ್ ಎಂಬ ಸಣ್ಣ ತಂಡ ಹಿಡಿದುಕೊಂಡಿತು. ಹಳೇ ರಾಸಾಯನಿಕಗಳ ಸರಬರಾಜು ನಿಂತಿದ್ದರಿಂದ ಸೂತ್ರವನ್ನೇ ಹೊಸದಾಗಿ ಕಟ್ಟಬೇಕಾಯಿತು. 2010ರಲ್ಲಿ ಅವರ ಮೊದಲ ಫಿಲ್ಮ್ ಬಂತು. ಮುಂದೆ ಅದೇ ಸಂಸ್ಥೆ ಪೊಲರಾಯ್ಡ್ ಹೆಸರನ್ನೇ ಪಡೆಯಿತು. ಇಂದಿನ ಫಿಲ್ಮ್ ನಮ್ಮ ಚಿಕ್ಕಪ್ಪಂದಿರು ಬಳಸಿದ ಫಿಲ್ಮಿಗಿಂತ ಬೇರೆ ಸ್ವಭಾವದ್ದಾಗಿರಲು ಕಾರಣ ಇದು. ಬೆಳಕಿಗೂ ಬಿಸಿಲಿಗೂ ಬೇಗ ಮುನಿಯುತ್ತದೆ.

ಈ ಅಳತೆಯ ಫಿಲ್ಮಿಗೆ ಅಂಗಡಿಯಲ್ಲಿ ಮೂರು ಬಗೆಯ ಡಬ್ಬಿ ಕಾಣುತ್ತವೆ: ಎಸ್‌ಎಕ್ಸ್-70, 600, ಐ-ಟೈಪ್. ಐ-ಟೈಪ್ ತುಸು ಅಗ್ಗ. ಆದರೆ ಅದರಲ್ಲಿ ಬ್ಯಾಟರಿ ಇಲ್ಲ. ಹೊಸ ಚಾರ್ಜ್ ಮಾಡುವ ಕ್ಯಾಮೆರಾಗಳಿಗೆ ಮಾತ್ರ. ಹಳೆಯದಕ್ಕೆ ಅದನ್ನು ಹಾಕಿದರೆ ಸದ್ದೇ ಬರುವುದಿಲ್ಲ.

ನಾಲ್ಕನೆಯ ದಾರಿಯೊಂದಿದೆ. ಫ್ಯೂಜಿಯ ಇನ್‌ಸ್ಟಾಕ್ಸ್ ಎಂಬ ಇನ್‌ಸ್ಟಂಟ್ ಹಾಳೆಯನ್ನು ಅದಕ್ಕೆಂದು ಮಾಡಿರದ ಹಳೇ ಸ್ಟುಡಿಯೋ ಕ್ಯಾಮೆರಾಕ್ಕೆ ಕೈಯಾರೆ ತುಂಬುವುದು. ನಮ್ಮಲ್ಲಿ ಇನ್‌ಸ್ಟಾಕ್ಸ್ ಸಲೀಸಾಗಿ ಸಿಗುವುದರಿಂದಲೂ, ಮನೆಮನೆಯ ಅಟ್ಟದಲ್ಲಿರುವುದು ಪೊಲರಾಯ್ಡ್ ಅಲ್ಲದೆ ಯಾಶಿಕಾ ಮತ್ತು ಆಗ್ಫಾ ಆಗಿರುವುದರಿಂದಲೂ ನನಗೆ ಇದೇ ಹೆಚ್ಚು ಇಷ್ಟ. ಅದನ್ನು ಕೊನೆಯಲ್ಲಿ ವಿವರವಾಗಿ ಹೇಳುತ್ತೇನೆ.

ಕೊಳ್ಳುವಾಗ

ಖಾಲಿಯಾದ ಪ್ಯಾಕ್ ಒಂದನ್ನು ಎಸೆಯದೆ ಚೀಲದಲ್ಲಿಟ್ಟುಕೊಳ್ಳಿ. ಎಂಟು ಹಾಳೆ ಮುಗಿದ ಮೇಲೂ ಅದರ ಬ್ಯಾಟರಿಯಲ್ಲಿ ಸ್ವಲ್ಪ ಶಕ್ತಿ ಉಳಿದಿರುತ್ತದೆ. ಭಾನುವಾರದ ಬಜಾರಿನಲ್ಲೋ ಪರಿಚಯದವರ ಮನೆಯಲ್ಲೋ ಕ್ಯಾಮೆರಾ ಕಂಡರೆ ಆ ಖಾಲಿ ಪ್ಯಾಕನ್ನು ತೂರಿಸಿ ಬಾಗಿಲು ಮುಚ್ಚಿ. ಮೋಟಾರು ಗರ್ ಎಂದು ಒಂದು ಸುತ್ತು ತಿರುಗಬೇಕು. ಆಮೇಲೆ ಲೆನ್ಸನ್ನು ನಿಮ್ಮತ್ತ ಮಾಡಿ ಗುಂಡಿ ಒತ್ತಿ, ಶಟರ್ ತೆರೆದು ಮುಚ್ಚುತ್ತದೆಯೇ ನೋಡಿ. ಹೊರಗಿನ ಬೆಳಕಿನಲ್ಲಿ ಚಟ್ಟನೆ ಮುಚ್ಚಬೇಕು, ಎಸ್‌ಎಕ್ಸ್-70 ಆದರೆ ಕತ್ತಲಿನತ್ತ ತಿರುಗಿಸಿದಾಗ ನಿಧಾನವಾಗಿ. ಎರಡಕ್ಕೂ ಒಂದೇ ವೇಗವಿದ್ದರೆ ಬೆಳಕು ಅಳೆಯುವ ಕಣ್ಣು ಕೆಲಸ ಮಾಡುತ್ತಿಲ್ಲ.

ಮುಂದಿನ ಬಾಗಿಲು ತೆರೆದರೆ ಎರಡು ಲೋಹದ ರೋಲರ್ ಕಾಣುತ್ತವೆ. ಒಣಗಿ ಗಟ್ಟಿಯಾದ ರಾಸಾಯನಿಕ ಅಂಟಿದ್ದರೆ ಹೆದರಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಬಿಟ್ಟುಬಿಡಿ. ಟಾರ್ಚ್ ಹಿಡಿದು ಲೆನ್ಸಿನ ಒಳಗೆ ನೋಡಿ. ಕರಾವಳಿ, ಮಲೆನಾಡಿನ ಮನೆಗಳಿಂದ ಬಂದ ಕ್ಯಾಮೆರಾ ಆದರೆ ಜೇಡರ ಬಲೆಯಂಥ ಬೂಷ್ಟು ಇರುವುದು ಸಾಮಾನ್ಯ. ಅಂಚಿನಲ್ಲಿ ಸ್ವಲ್ಪ ಇದ್ದರೆ ನಡೆಯುತ್ತದೆ. ಎಸ್‌ಎಕ್ಸ್-70ರ ಚರ್ಮದ ಹೊದಿಕೆ ಪುಡಿಪುಡಿಯಾಗಿ ಉದುರುತ್ತಿದ್ದರೆ ಅದು ಮೇಲ್ನೋಟದ ದೋಷ ಮಾತ್ರ. ಚೌಕಾಸಿಗೆ ಒಳ್ಳೇ ನೆಪ.

ಎರಡರಲ್ಲಿ ಯಾವುದು? ಎಸ್‌ಎಕ್ಸ್-70ಕ್ಕೆ ನಾಲ್ಕು ಗಾಜಿನ ಲೆನ್ಸ್, ಲೆನ್ಸಿನ ಮೂಲಕವೇ ನೋಡಿ ಫೋಕಸ್ ಮಾಡುವ ಅನುಕೂಲ, ಒಂದು ಗೇಣಿನಷ್ಟು ಹತ್ತಿರ ಹೋಗುವ ತಾಕತ್ತು ಇದೆ. ಬೆಲೆಯೂ ಹಾಗೇ ಇದೆ. 600 ಡಬ್ಬಿಗಳಲ್ಲಿ ಹೆಚ್ಚಿನವಕ್ಕೆ ಪ್ಲಾಸ್ಟಿಕ್ ಲೆನ್ಸ್, ಸ್ಥಿರ ಫೋಕಸ್, ಜೊತೆಗೆ ಫ್ಲ್ಯಾಶ್. ಮನೆಯೊಳಗಿನ ಹುಟ್ಟುಹಬ್ಬ, ನಾಮಕರಣಕ್ಕೆ 600 ಸಾಕು. ಮುಖ, ಹೂವು, ಕಿಟಕಿಯ ಬೆಳಕು ಇಷ್ಟವಿದ್ದವರು ಸ್ವಲ್ಪ ಕಾಯ್ದು ಎಸ್‌ಎಕ್ಸ್-70 ಹುಡುಕಿ.

ಫಿಲ್ಮ್ ತರಿಸುವುದು, ಇಡುವುದು

ಡಬ್ಬಿಯ ಮೇಲೆ ತಯಾರಾದ ದಿನಾಂಕ ಅಚ್ಚಾಗಿರುತ್ತದೆ. ಒಂದು ವರ್ಷದೊಳಗಿನದನ್ನೇ ಕೇಳಿ. ಮನೆಗೆ ಬಂದ ಮೇಲೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ರಾಸಾಯನಿಕ ಹೆಪ್ಪುಗಟ್ಟಿದರೆ ಕತೆ ಮುಗಿಯಿತು. ಮಲಗಿಸಿ ಇಡಿ, ಮೇಲೆ ಪಾತ್ರೆ ಹೇರಬೇಡಿ. ಬಳಸುವ ಮುಂಚೆ ಗಂಟೆ ಎರಡು ಗಂಟೆ ಹೊರಗಿಟ್ಟು, ಪೊಟ್ಟಣ ಒಡೆಯದೆ ಕೋಣೆಯ ಉಷ್ಣಾಂಶಕ್ಕೆ ಬರಲು ಬಿಡಿ, ಇಲ್ಲದಿದ್ದರೆ ಒಳಗೆ ನೀರು ಪಸೆಯುತ್ತದೆ.

ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ಅಕ್ಕ ಭಾವ ರಜೆಗೆ ಬರುವಾಗ ತರಿಸಿಕೊಳ್ಳುವವರೇ ನಮ್ಮಲ್ಲಿ ಹೆಚ್ಚು. ಅವರಿಗೆ ಒಂದು ಮಾತು ಖಡಾಖಂಡಿತವಾಗಿ ಹೇಳಿ: ಫಿಲ್ಮ್ ಕೈಚೀಲದಲ್ಲೇ ಬರಬೇಕು. ಒಳಗೆ ಹಾಕುವ ದೊಡ್ಡ ಲಗೇಜಿನ ಎಕ್ಸ್-ರೇ ಜೋರಾಗಿರುತ್ತದೆ. ಕೈಚೀಲಕ್ಕೆ ಹೊಸ ಸಿಟಿ ಸ್ಕ್ಯಾನರ್ ಇರುವ ನಿಲ್ದಾಣವಾದರೆ ಪೊಟ್ಟಣವನ್ನು ಹೊರತೆಗೆದು ಕೈಯಿಂದಲೇ ಪರೀಕ್ಷಿಸಿ ಎಂದು ಕೇಳಬೇಕು.

ಪ್ಯಾಕ್ ತುಂಬುವುದು

ಬಿಸಿಲಿನಿಂದ ಸರಿದು ನಿಲ್ಲಿ. ಪ್ಯಾಕನ್ನು ಅಂಚುಗಳಲ್ಲೇ ಹಿಡಿಯಿರಿ. ಮಧ್ಯ ಒತ್ತಿದರೆ ಒಳಗಿನ ಹಾಳೆಗಳ ಮೇಲೆ ಕಲೆ ಬೀಳುತ್ತದೆ. ಕಪ್ಪು ಮುಚ್ಚಳದ ಮುಖ ಮೇಲಕ್ಕಿರಲಿ, ಲೋಹದ ಬ್ಯಾಟರಿ ಮುಖ ಕೆಳಕ್ಕೆ. ಪೂರ್ತಿ ತಳ್ಳಿ ಬಾಗಿಲು ಮುಚ್ಚಿದ ಕೂಡಲೇ ಆ ಕಪ್ಪು ರಟ್ಟು ತಾನಾಗಿ ಹೊರಬರಬೇಕು. ಅದನ್ನು ಎಸೆಯಬೇಡಿ, ಆಮೇಲೆ ಬೇಕಾಗುತ್ತದೆ.

ಹಳೇ ಪ್ಯಾಕುಗಳಲ್ಲಿ ಹತ್ತು ಹಾಳೆ ಇರುತ್ತಿದ್ದವು, ಈಗ ಎಂಟು. ಕ್ಯಾಮೆರಾಕ್ಕೆ ಇದು ಗೊತ್ತಿಲ್ಲ. ಅದು ಹತ್ತರಿಂದಲೇ ಎಣಿಸುತ್ತದೆ. ಅಂಕಿ 2 ತೋರಿಸುತ್ತಿದ್ದರೆ ಇನ್ನೆರಡು ಇವೆ ಎಂದು ಹಿಗ್ಗಬೇಡಿ, ಮುಗಿದಿದೆ. ಮದುಮಕ್ಕಳನ್ನು ನಿಲ್ಲಿಸಿಕೊಂಡು ಆ ಅಂಕಿ ನಂಬಿದರೆ ಪೇಚಿಗೆ ಸಿಕ್ಕುತ್ತೀರಿ.

ನಡುವೆ ಬಾಗಿಲು ತೆರೆಯಬಾರದು. ತೆರೆದರೆ ಮೇಲಿನ ಹಾಳೆ ಬೆಳಕು ತಿಂದು ಹಾಳಾಗುತ್ತದೆ. ತೆರೆಯಲೇಬೇಕಾದರೆ ಕಗ್ಗತ್ತಲಲ್ಲಿ ತೆರೆದು ಆ ಕಪ್ಪು ರಟ್ಟನ್ನು ಮತ್ತೆ ಮೇಲೆ ತೂರಿಸಿ.

ಎಸ್‌ಎಕ್ಸ್-70 ಫಿಲ್ಮ್ ಐಎಸ್‌ಒ 160ರ ಸುತ್ತ, 600 ಫಿಲ್ಮ್ 640 (ಬೆಳಕಿಗೆ ಫಿಲ್ಮ್ ಎಷ್ಟು ಚುರುಕು ಎನ್ನುವ ಅಂಕಿ ಇದು). ಎರಡು ಸ್ಟಾಪಿನ, ಅಂದರೆ ನಾಲ್ಕು ಪಟ್ಟು ಬೆಳಕಿನ ಅಂತರ. 600 ಸುಲಭವಾಗಿ ಸಿಗುವುದರಿಂದ ಅದನ್ನೇ ಎಸ್‌ಎಕ್ಸ್-70ಕ್ಕೆ ಹಾಕುವವರಿದ್ದಾರೆ, ಹಾಕಬಹುದು ಕೂಡ. 600 ಪ್ಯಾಕಿನ ತಳದಲ್ಲಿ ಪುಟ್ಟ ಉಬ್ಬುಗಳಿರುತ್ತವೆ, ಅವು ತಡೆಯುತ್ತವೆ. ತೆಳುವಾದ ಪ್ಲಾಸ್ಟಿಕ್ ಕಾರ್ಡೊಂದನ್ನು ಕೆಳಗೆ ಹಿಡಿದು ಜಾರಿಸಿದರೆ ಒಳಗೆ ಹೋಗುತ್ತದೆ. ಆಮೇಲೆ ಬೆಳಕು ತಗ್ಗಿಸುವ ಎರಡು ಸ್ಟಾಪಿನ ಎನ್‌ಡಿ ಫಿಲ್ಟರನ್ನು ಲೆನ್ಸಿನ ಮೇಲೆ ಮಾತ್ರ ಹಚ್ಚಿ. ಪಕ್ಕದ ಬೆಳಕಿನ ಕಣ್ಣನ್ನು ಮುಚ್ಚಕೂಡದು. ಮುಚ್ಚಿದರೆ ಕ್ಯಾಮೆರಾ ಕತ್ತಲಾಯಿತೆಂದು ಶಟರನ್ನು ಇನ್ನಷ್ಟು ಹೊತ್ತು ತೆರೆದು, ನೀವು ಫಿಲ್ಟರಿನಿಂದ ಕಳೆದದ್ದನ್ನು ವಾಪಸ್ ತುಂಬಿಬಿಡುತ್ತದೆ. ತಿರುಗುಮುರುಗು, ಅಂದರೆ 600 ಕ್ಯಾಮೆರಾಕ್ಕೆ ಎಸ್‌ಎಕ್ಸ್-70 ಫಿಲ್ಮ್ ಹಾಕಬೇಡಿ. ಚಿತ್ರ ಕತ್ತಲು ಕತ್ತಲಾಗಿ ಬರುತ್ತದೆ.

ಗುಂಡಿ ಒತ್ತುವ ಮುನ್ನ

ಈ ಫಿಲ್ಮಿಗೆ ಮೊಬೈಲಿನಂತೆ ನೆರಳನ್ನೂ ಬೆಳಕನ್ನೂ ಒಟ್ಟಿಗೆ ಹಿಡಿಯಲು ಬರುವುದಿಲ್ಲ. ಹಜಾರದಲ್ಲಿ ಕೂತ ಅಜ್ಜಿಯ ಹಿಂದೆ ಬಾಗಿಲು ತೆರೆದಿದ್ದರೆ ಬಾಗಿಲು ಚೆನ್ನಾಗಿ ಬರುತ್ತದೆ, ಅಜ್ಜಿ ಕಪ್ಪು ಆಕೃತಿಯಾಗುತ್ತಾರೆ. ಅವರನ್ನು ತಿರುಗಿಸಿ ಬಾಗಿಲಿಗೆ ಮುಖ ಮಾಡಿ ಕೂರಿಸಿ, ಬಾಗಿಲ ಹತ್ತಿರ ನೀವು ನಿಲ್ಲಿ. ಅರ್ಧ ಕೆಲಸ ಮುಗಿಯಿತು. ಹೊರಗಾದರೆ ಸೂರ್ಯ ನಿಮ್ಮ ಬೆನ್ನಿಗಿರಲಿ. ಇದು ನಮ್ಮ ಹಳೇ ಸ್ಟುಡಿಯೋದವರು ಎಲ್ಲರಿಗೂ ಹೇಳುತ್ತಿದ್ದ ಪಾಠ, ಈ ಫಿಲ್ಮಿಗೆ ಅಕ್ಷರಶಃ ಅನ್ವಯಿಸುತ್ತದೆ.

ದೂರದ ವಿಷಯ. ಸ್ಥಿರ ಫೋಕಸಿನ 600 ಕ್ಯಾಮೆರಾಗಳಿಗೆ ಕನಿಷ್ಠ ನಾಲ್ಕು ಅಡಿ ಬೇಕು. ಕ್ಲೋಸಪ್ ಪಟ್ಟಿ ಇರುವವಕ್ಕೆ ಎರಡಡಿ. ಫ್ಲ್ಯಾಶಿನ ಬೆಳಕು ಎಂಟು ಹತ್ತು ಅಡಿಯಾಚೆ ತಲುಪುವುದಿಲ್ಲ. ರಾತ್ರಿ ಯಕ್ಷಗಾನದ ರಂಗಸ್ಥಳವನ್ನು ದೂರದಿಂದ ಹಿಡಿಯಲು ಹೋದರೆ ಮುಂದೆ ಕೂತವರ ತಲೆಗಳಷ್ಟೇ ಬೆಳಗುತ್ತವೆ. ಚಿನ್ನದ ಬಣ್ಣದ ದುಂಡು ಜಾಲರಿ ಇರುವ ಸೋನಾರ್ ಮಾದರಿಗಳು ಶಬ್ದದ ಅಲೆ ಕಳಿಸಿ ದೂರ ಅಳೆಯುತ್ತವೆ. ಅವಕ್ಕೆ ಗಾಜು ಅಂದರೆ ಗೋಡೆ. ರೈಲಿನ ಕಿಟಕಿಯ ಗಾಜಿನ ಮೂಲಕ ಘಟ್ಟ ತೆಗೆದರೆ ಫೋಕಸ್ ಗಾಜಿನ ಮೇಲೆ ನಿಲ್ಲುತ್ತದೆ. ಆಟೋಫೋಕಸ್ ಆಫ್ ಮಾಡುವ ಗುಂಡಿ ಇದ್ದರೆ ಆಫ್ ಮಾಡಿ.

ಬೆಳಕು ಹೆಚ್ಚು ಕಡಿಮೆ ಮಾಡುವ ಚಕ್ರವೋ ಜಾರುಗುಂಡಿಯೋ ಮೊದಲ ಚಿತ್ರಕ್ಕೆ ನಡುವೆಯೇ ಇರಲಿ. ಅದು ಬಂದಂತೆ ಎರಡನೆಯದಕ್ಕೆ ಬಿಳಿಯತ್ತ ಅಥವಾ ಕಪ್ಪಿನತ್ತ ಒಂದು ಗೆರೆ ಸರಿಸಿ. ಎಸ್‌ಎಕ್ಸ್-70ಕ್ಕೆ ಫ್ಲ್ಯಾಶ್ ಇಲ್ಲದ್ದರಿಂದ ಮನೆಯೊಳಗೆ ಶಟರ್ ನಿಧಾನವಾಗುತ್ತದೆ. ಮೇಜಿನ ಮೇಲೆ ಇಟ್ಟೋ ಗೋಡೆಗೆ ಒರಗಿಸಿಯೋ ಒತ್ತಿ, ಒತ್ತಿದ ಮೇಲೆ ಸದ್ದು ನಿಲ್ಲುವವರೆಗೆ ಅಲುಗಾಡಬೇಡಿ.

ಹೊರಬಂದ ಮೇಲೆ ಹತ್ತು ನಿಮಿಷ

ಚಿತ್ರದ ಕೆಳಗಿನ ದಪ್ಪ ಬಿಳಿ ಅಂಚು ಅಲಂಕಾರಕ್ಕಿಲ್ಲ. ರಾಸಾಯನಿಕದ ಪುಟ್ಟ ಪೊಟ್ಟಣ ಅಲ್ಲಿದೆ. ಹಾಳೆ ರೋಲರುಗಳ ನಡುವೆ ನುಗ್ಗುವಾಗ ಪೊಟ್ಟಣ ಒಡೆದು ಲೇಪ ಹಾಳೆಯ ತುಂಬ ಸಮನಾಗಿ ಹರಡುತ್ತದೆ. ಆ ಲೇಪದಲ್ಲೇ ಬೆಳಕನ್ನು ತಡೆಯುವ ಬಣ್ಣವೊಂದಿದ್ದು, ಒಳಗೆ ಚಿತ್ರ ಕಟ್ಟಿಕೊಂಡ ಮೇಲೆ ತಾನಾಗಿ ತಿಳಿಯಾಗುತ್ತದೆ. ಇಂದಿನ ಪೊಲರಾಯ್ಡ್ ಫಿಲ್ಮಿನಲ್ಲಿ ಮೊದಲ ಕೆಲವು ಸೆಕೆಂಡು ಈ ತಡೆ ಗಟ್ಟಿಯಾಗಿರುವುದಿಲ್ಲ. ಹಾಗಾಗಿ ಹಾಳೆ ಬರುವ ಬಾಯಿಗೆ ಅಂಗೈ ಅಡ್ಡ ಹಿಡಿದಿದ್ದು, ಬಂದ ಕೂಡಲೇ ಮಗುಚಿ ಅಂಗಿಯ ಜೇಬಿಗೋ ಪುಸ್ತಕದೊಳಕ್ಕೋ ಸೇರಿಸಿ. ಕ್ಯಾಮೆರಾದ ಬಾಯಿಗೆ ಸಿಕ್ಕಿಸುವ ಸುರುಳಿ ಪರದೆಯೂ ಸಿಗುತ್ತದೆ, ಕೊಂಡರೆ ಒಳ್ಳೆಯದು.

ಬಣ್ಣಕ್ಕೆ ಹತ್ತರಿಂದ ಹದಿನೈದು ನಿಮಿಷ, ಕಪ್ಪು ಬಿಳುಪಿಗೆ ಐದರಿಂದ ಹತ್ತು. ಹಾಳೆಯನ್ನು ಗಾಳಿಯಲ್ಲಿ ಒದರಬೇಡಿ. ಜಾಹೀರಾತು, ಸಿನಿಮಾದಲ್ಲೆಲ್ಲ ಒದರುತ್ತಾರೆ. ಅದು ಒದ್ದೆ ಮೇಲ್ಮೈಯ ಹಳೇ ಫಿಲ್ಮಿನ ಕಾಲದ ಅಭ್ಯಾಸ. ಈಗಿನದನ್ನು ಒದರಿದರೆ, ಬಗ್ಗಿಸಿದರೆ ಲೇಪ ಪದರ ಬಿಟ್ಟು ಬಿರುಕಾಗುತ್ತದೆ.

ಇನ್ನು ಉಷ್ಣಾಂಶ. ಈ ಫಿಲ್ಮಿಗೆ ಹಿತವಾದದ್ದು 13ರಿಂದ 28 ಡಿಗ್ರಿ. ಬೆಂಗಳೂರು, ಮೈಸೂರಿನವರಿಗೆ ವರ್ಷದ ಬಹುಪಾಲು ಇದು ಹೇಳಿ ಮಾಡಿಸಿದ ಹವೆ. ಮೇ ತಿಂಗಳ ರಾಯಚೂರು, ಕಲಬುರಗಿಯಲ್ಲಿ 40 ದಾಟಿದಾಗ ಚಿತ್ರಕ್ಕೆ ಹಳದಿ ಕೆಂಪು ಛಾಯೆ ಹತ್ತುತ್ತದೆ. ಅಲ್ಲಿಯವರು ಬೆಳಗ್ಗೆ ಏಳರೊಳಗೆ ತೆಗೆಯಿರಿ, ಕ್ಯಾಮೆರಾವನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ, ಬಂದ ಹಾಳೆಯನ್ನು ನೀರಿನ ತಣ್ಣನೆ ಬಾಟಲಿಯ ಪಕ್ಕ ಬಟ್ಟೆ ಸುತ್ತಿ ಇಡಿ. ಡಿಸೆಂಬರಿನ ಕೊಡಗಿನ ಬೆಳಗಿನಲ್ಲಿ ಇದರ ತದ್ವಿರುದ್ಧ: ಚಿತ್ರ ನೀಲಿಗಟ್ಟಿ ಮಸುಕಾಗುತ್ತದೆ, ಸ್ವೆಟರಿನ ಒಳಜೇಬಿನ ಮೈಬಿಸಿಯಲ್ಲಿ ಇಟ್ಟರೆ ಸರಿಹೋಗುತ್ತದೆ.

ಎಲ್ಲ ಚಿತ್ರಗಳಲ್ಲೂ ಒಂದೇ ಅಂತರದಲ್ಲಿ ಚುಕ್ಕೆ ಮರುಕಳಿಸುತ್ತಿದ್ದರೆ ತಪ್ಪು ಫಿಲ್ಮಿನದಲ್ಲ. ರೋಲರಿನ ಮೇಲೆ ಕೊಳೆ ಕೂತಿದೆ. ಪ್ರತಿ ಪ್ಯಾಕ್ ಬದಲಿಸುವಾಗಲೂ ಒರೆಸುವ ಅಭ್ಯಾಸ ಮಾಡಿಕೊಳ್ಳಿ.

ಅಟ್ಟದ ಯಾಶಿಕಾಕ್ಕೆ ಇನ್‌ಸ್ಟಾಕ್ಸ್

ಈಗ ನಾಲ್ಕನೆಯ ದಾರಿ. ನಮ್ಮ ಊರೂರಿನ ಮದುವೆ ಆಲ್ಬಂಗಳಲ್ಲಿ ಎಷ್ಟೋ, 120 ಎಂಬ ಅಗಲ ಫಿಲ್ಮ್ ರೋಲಿನ ಯಾಶಿಕಾದಂಥ ಜೋಡಿ ಲೆನ್ಸಿನ ಕ್ಯಾಮೆರಾಗಳ ಕೆಲಸ. ಆಗ್ಫಾ ಐಸೊಲೆಟ್‌ನಂಥ ಮಡಚುವ ಕ್ಯಾಮೆರಾ, ಭಾರತದಲ್ಲೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಕೂಡ ಇನ್ನೂ ಅಲ್ಲಲ್ಲಿ ಸಿಗುತ್ತವೆ. ಇವಕ್ಕೆ ಇನ್‌ಸ್ಟಾಕ್ಸ್ ಮಿನಿ ಹಾಳೆ ಹೊಂದುತ್ತದೆ. ಹಾಳೆಯ ಅಳತೆ 86×54 ಮಿಲಿಮೀಟರ್, ಚಿತ್ರದ ಭಾಗ 62×46. ಯಾಶಿಕಾದಲ್ಲಿ ಫಿಲ್ಮ್ ಕೂರುವ ಚೌಕ ಕಿಂಡಿ ಸುಮಾರು 56×56. ಅಂದರೆ ಚೌಕದ ಎರಡು ಪಕ್ಕ ಸ್ವಲ್ಪ ಕತ್ತರಿಸಿಹೋಗುತ್ತದೆ, ಹಾಳೆಯ ಉದ್ದದಲ್ಲಿ ತುಸು ಜಾಗ ಬೆಳಕು ಬೀಳದೆ ಕಪ್ಪಾಗಿ ಉಳಿಯುತ್ತದೆ, ಅಷ್ಟೇ.

ಪೊಲರಾಯ್ಡ್ ಹಾಳೆಯನ್ನೇ ಹೀಗೆ ತುಂಬಿದರಾಗದೇ ಎಂದು ಕೇಳುವವರಿಗೆ: ಪೊಲರಾಯ್ಡ್ ಹಾಳೆ ಬೆಳಕು ಕುಡಿಯುವುದು ನಾವು ನೋಡುವ ಮುಖದಿಂದಲೇ. ಎಡಬಲ ಸರಿಮಾಡಲು ಅದರ ಕ್ಯಾಮೆರಾದೊಳಗೆ ಕನ್ನಡಿ ಇರುತ್ತದೆ. ಯಾಶಿಕಾದಲ್ಲಿ ಫಿಲ್ಮಿನ ಹಾದಿಗೆ ಕನ್ನಡಿ ಇಲ್ಲ, ಅಂಗಡಿಯ ಬೋರ್ಡು ತಿರುಗುಮುರುಗಾಗಿ ಬರುತ್ತದೆ. ಇನ್‌ಸ್ಟಾಕ್ಸ್ ಬೆಳಕು ಕುಡಿಯುವುದು ಬೆನ್ನಿನಿಂದ, ನಾವು ನೋಡುವುದು ಎದುರಿನಿಂದ. ಹಾಗಾಗಿ ಕನ್ನಡಿಯಿಲ್ಲದ ಕ್ಯಾಮೆರಾದಲ್ಲೂ ಎಡಬಲ ಸರಿಯಾಗೇ ಇರುತ್ತದೆ.

ಬೇಕಾದ ಸಾಮಾನು: ಕೆಲಸ ಮಾಡುವ ಯಾವುದಾದರೂ ಇನ್‌ಸ್ಟಾಕ್ಸ್ ಮಿನಿ ಕ್ಯಾಮೆರಾ, ಹಾಳೆಯನ್ನು ಹೊರತಳ್ಳುವ ಯಂತ್ರವಾಗಿ ಮಾತ್ರ. ಒಂದು ಹೊಸ ಪ್ಯಾಕ್, ಒಂದು ಖಾಲಿ ಪ್ಯಾಕ್. ಕೈ ತೂರಿಸುವ ಕಪ್ಪು ಚೇಂಜಿಂಗ್ ಬ್ಯಾಗ್. ಕಪ್ಪು ಟೇಪ್. ಕೆಟ್ಟುಹೋದ ಒಂದು ಇನ್‌ಸ್ಟಾಕ್ಸ್ ಪ್ರಿಂಟ್. ಕೊನೆಯದು ಅತಿ ಮುಖ್ಯ.

ಮೊದಲು ಆ ಕೆಟ್ಟ ಪ್ರಿಂಟನ್ನು ಹಗಲು ಬೆಳಕಿನಲ್ಲೇ ಯಾಶಿಕಾದೊಳಗೆ ಇಟ್ಟು ನೋಡಿ. ದಪ್ಪ ಅಂಚು ಮೇಲಕ್ಕಿರಲಿ. ಫಿಲ್ಮಿನ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ಕೊನೆಗೆ ಅಂಚು ಚಿತ್ರದ ಕೆಳಗೆ ಬರುತ್ತದೆ. ಕಪ್ಪು ಬೆನ್ನು ಲೆನ್ಸಿನ ಕಡೆ, ಬಿಳಿ ಮುಖ ನಿಮ್ಮ ಕಡೆ. ಚಿತ್ರದ ಭಾಗ ಕಿಂಡಿಯ ಮೇಲೆ ಕೂತಿರಬೇಕು, ದಪ್ಪ ಅಂಚು ಕಿಂಡಿಯಿಂದ ಆಚೆಗೆ, ಹಿಂಬದಿಯ ಒತ್ತುಪಟ್ಟಿ ಅದನ್ನು ಅಮುಕದ ಹಾಗೆ. ನಿಜವಾದ ಹಾಳೆಯಲ್ಲಿ ಅಲ್ಲೇ ರಾಸಾಯನಿಕದ ಪೊಟ್ಟಣ ಇರುತ್ತದೆ; ಕ್ಯಾಮೆರಾದೊಳಗೆ ಅದು ಒಡೆದರೆ ಹಾಳೆಯೂ ಹೋಯಿತು, ಕ್ಯಾಮೆರಾದ ಒಳಗೆಲ್ಲ ಅಂಟು. ಬಾಗಿಲು ಒತ್ತಾಯವಿಲ್ಲದೆ ಮುಚ್ಚಬೇಕು. ಒತ್ತುಪಟ್ಟಿಯಲ್ಲಿ 12, 24 ಎಂಬ ಎರಡು ಸ್ಥಾನ ಇರುವ ಮಾದರಿಯಾದರೆ 12ರಲ್ಲಿಡಿ. ಹಾಳೆಯ ಕೆಳತುದಿ ಎಲ್ಲಿ ನಿಂತಿತೋ ಅಲ್ಲಿ ಟೇಪಿನ ಒಂದು ಸಣ್ಣ ದಿಂಡು ಅಂಟಿಸಿ. ಕತ್ತಲಲ್ಲಿ ಬೆರಳಿಗೆ ತಗಲುವುದು ಅದೊಂದೇ ಗುರುತು. ಕಣ್ಣು ಮುಚ್ಚಿಕೊಂಡು ಕೈ ಪಳಗುವವರೆಗೂ ಇಟ್ಟು ತೆಗೆದು ಮಾಡಿ.

ಹಿಂಬದಿಯಲ್ಲಿ ಕೆಂಪು ಗಾಜಿನ ಕಿಂಡಿ ಇದ್ದರೆ ಕಪ್ಪು ಟೇಪ್ ಹಚ್ಚಿ. ಮಡಚುವ ಕ್ಯಾಮೆರಾ ಆದರೆ ರಾತ್ರಿ ದೀಪ ಆರಿಸಿ ಬೆಲ್ಲೋಸ್ ಎಂಬ ಮಡಿಕೆ ಚೀಲದೊಳಗೆ ಟಾರ್ಚ್ ಬಿಟ್ಟು ನೋಡಿ. ಮೂಲೆಗಳಲ್ಲಿ ನಕ್ಷತ್ರದಂತೆ ಚುಕ್ಕೆ ಬೆಳಕು ಕಂಡರೆ ಅಷ್ಟೂ ತೂತು. ಐಎಸ್‌ಒ 800ರ ಫಿಲ್ಮಿಗೆ ಒಂದು ತೂತು ಸಾಕು.

ಇನ್ನು ತುಂಬುವ ಕ್ರಮ. ಹೊಸ ಪ್ಯಾಕನ್ನು ಇನ್‌ಸ್ಟಾಕ್ಸ್ ಕ್ಯಾಮೆರಾಕ್ಕೆ ಹಾಕಿ ಕಪ್ಪು ಮುಚ್ಚಳ ಹೊರತಳ್ಳಿಸಿ. ಇನ್‌ಸ್ಟಾಕ್ಸ್, ಯಾಶಿಕಾ, ಖಾಲಿ ಪ್ಯಾಕ್, ಕಪ್ಪು ಮುಚ್ಚಳ ಎಲ್ಲವನ್ನೂ ಬ್ಯಾಗಿಗೆ ಸೇರಿಸಿ ಜಿಪ್ ಎಳೆಯಿರಿ. ಒಳಗೆ ಇನ್‌ಸ್ಟಾಕ್ಸ್ ಬಾಗಿಲು ತೆರೆದು ಪ್ಯಾಕ್ ಹೊರತೆಗೆಯಿರಿ. ಮೇಲಿನ ಹಾಳೆಯ ಅಂಚಿಗೆ ಬೆರಳ ತುದಿ ಕೊಟ್ಟು ಸೀಳಿನಿಂದ ಮೆಲ್ಲಗೆ ಆಚೆ ಜಾರಿಸಿ, ದಪ್ಪ ಅಂಚನ್ನು ಎಲ್ಲೂ ಹಿಸುಕದೆ ಪಕ್ಕಗಳಲ್ಲೇ ಹಿಡಿಯಿರಿ. ಪ್ಯಾಕಿನ ಕಿಟಕಿಯತ್ತ ಇದ್ದ ಮುಖವೇ ಲೆನ್ಸಿನ ಕಡೆಗೆ ಹೋಗಬೇಕು. ಯಾಶಿಕಾದೊಳಗೆ ಟೇಪಿನ ದಿಂಡಿಗೆ ತಾಗಿಸಿ ಕೂರಿಸಿ ಬಾಗಿಲು ಹಾಕಿ. ಉಳಿದ ಪ್ಯಾಕಿನ ಮೇಲೆ ಕಪ್ಪು ಮುಚ್ಚಳ ಮತ್ತೆ ತೂರಿಸಿ, ಅದನ್ನು ಇನ್‌ಸ್ಟಾಕ್ಸಿಗೇ ಹಾಕಿ ಮುಚ್ಚಿ. ಬೇಸಿಗೆಯಲ್ಲಿ ಬ್ಯಾಗಿನೊಳಗೆ ಕೈ ಬೆವರುತ್ತದೆ, ಒರೆಸಿಕೊಂಡು ಶುರುಮಾಡಿ.

ಅಳತೆಗೆ ಮೊಬೈಲಿನ ಲೈಟ್ ಮೀಟರ್ ಆಪ್ ಸಾಕು, ಐಎಸ್‌ಒ 800ಕ್ಕೆ ಇಟ್ಟುಕೊಳ್ಳಿ. ಅಂದಾಜು ಹೀಗೆ: ಚುರುಕು ಬಿಸಿಲಿಗೆ ಲೆನ್ಸಿನ ತೆರವು (ಅಪರ್ಚರ್) ಎಫ್/22, ಶಟರ್ ವೇಗ ಸೆಕೆಂಡಿನ 1/500. ಮರದ ನೆರಳು ಅಥವಾ ಮನೆಯ ನೆರಳಾದರೆ ಅದೇ ವೇಗಕ್ಕೆ ಎಫ್/8. ಈ ಫಿಲ್ಮಿನಲ್ಲಿ ಬೆಳ್ಳಗಿನದು ಬೇಗ ಸುಟ್ಟುಹೋಗುತ್ತದೆ, ಪಂಚೆ ಬರೀ ಬಿಳಿ ತೇಪೆಯಾಗುತ್ತದೆ. ಅನುಮಾನವಿದ್ದಲ್ಲಿ ಅರ್ಧ ಸ್ಟಾಪ್ ಕಡಿಮೆ ಕೊಡಿ. ಹಾಳೆ ಫಿಲ್ಮಿಗಿಂತ ದಪ್ಪವಾದ್ದರಿಂದ ಫೋಕಸ್ ಕೂದಲೆಳೆಯಷ್ಟು ಸರಿದಿರುತ್ತದೆ. ಎಫ್/8ಕ್ಕಿಂತ ಹೆಚ್ಚು ತೆರೆಯದಿದ್ದರೆ ಅದು ಗೊತ್ತೇ ಆಗುವುದಿಲ್ಲ.

ಕ್ಲಿಕ್ 3ರಂಥ ಡಬ್ಬಿ ಕ್ಯಾಮೆರಾದ ಲೆಕ್ಕವೇ ಬೇರೆ. ಅದಕ್ಕೆ ಇರುವುದು ಒಂದೇ ನಿಧಾನದ ಶಟರ್, ಸುಮಾರು 1/30. ಸಣ್ಣ ಅಪರ್ಚರಿಗೆ ಎಫ್/11 ಹಿಡಿದರೂ ಬಿಸಿಲಿನಲ್ಲಿ ಆರು ಸ್ಟಾಪ್ ಹೆಚ್ಚಾಗುತ್ತದೆ, ಹಾಳೆ ಪೂರ್ತಿ ಬಿಳಿ. ಎನ್‌ಡಿ 64 ಫಿಲ್ಟರ್ ಅಥವಾ ಎರಡು ಎನ್‌ಡಿ 8 ಜೋಡಿಸಿ ಲೆನ್ಸಿನ ಮುಂದೆ ಹಿಡಿಯಿರಿ, ಇಲ್ಲವೇ ಸೂರ್ಯ ಮುಳುಗಿದ ಹೊತ್ತಿಗೆ ಹೊರಡಿ. ಡಬ್ಬಿ ಕ್ಯಾಮೆರಾಗಳ ಒಳಬೆನ್ನು ಬಾಗಿರುವುದುಂಟು, ಕೆಟ್ಟ ಪ್ರಿಂಟಿನ ಪರೀಕ್ಷೆಯಲ್ಲಿ ಹಾಳೆ ತುಂಬ ಬಗ್ಗಿದರೆ ಆ ಕ್ಯಾಮೆರಾ ಬೇಡ.

ತೆಗೆದಾಯಿತು. ಮತ್ತೆ ಎಲ್ಲವೂ ಬ್ಯಾಗಿನೊಳಕ್ಕೆ. ಇನ್‌ಸ್ಟಾಕ್ಸಿನ ಲೆನ್ಸಿಗೂ ಫ್ಲ್ಯಾಶಿಗೂ ಮೊದಲೇ ಕಪ್ಪು ಟೇಪ್ ಹಚ್ಚಿರಬೇಕು, ಇಲ್ಲದಿದ್ದರೆ ಹೊರತಳ್ಳುವಾಗ ಇನ್ನೊಂದು ಚಿತ್ರ ಮೇಲೆ ಬಿದ್ದೀತು. ಯಾಶಿಕಾದಿಂದ ಹಾಳೆ ತೆಗೆದು ಖಾಲಿ ಪ್ಯಾಕಿಗೆ ಜಾರಿಸಿ: ದಪ್ಪ ಅಂಚು ಸೀಳಿನ ಕಡೆ, ಬೆನ್ನು ಕಿಟಕಿಯ ಕಡೆ, ಅಂದರೆ ಹೊಸ ಪ್ಯಾಕಿನಲ್ಲಿ ಹೇಗಿತ್ತೋ ಹಾಗೆ. ತುಂಬಿದ ಪ್ಯಾಕ್ ಹೊರತೆಗೆದು ಬದಿಗಿಡಿ, ಅದರ ಮುಚ್ಚಳ ಅಲುಗಬಾರದು. ಈ ಒಂಟಿ ಹಾಳೆಯ ಪ್ಯಾಕನ್ನು ಇನ್‌ಸ್ಟಾಕ್ಸಿಗೆ ಹಾಕಿ, ಬಾಗಿಲು ಮುಚ್ಚಿ ಗುಂಡಿ ಒತ್ತಿ. ಬ್ಯಾಗಿನೊಳಗೇ ಸರ್ ಎಂದು ಹೊರಬರುತ್ತದೆ. ತುಂಬಿದ ಪ್ಯಾಕನ್ನು ಮತ್ತೆ ಇನ್‌ಸ್ಟಾಕ್ಸಿಗೆ ಸೇರಿಸಿದ ಮೇಲೆಯೇ ಜಿಪ್ ತೆರೆಯಿರಿ. ಒಂದೂವರೆ ನಿಮಿಷದಲ್ಲಿ ಚಿತ್ರ ಮೂಡುತ್ತದೆ, ನಮ್ಮ ಸೆಕೆಗೆ ಇನ್ನೂ ಬೇಗ. ಇನ್‌ಸ್ಟಾಕ್ಸ್ 40 ಡಿಗ್ರಿವರೆಗೂ ತಡೆಯುತ್ತದೆ. ಬಯಲುಸೀಮೆಯವರಿಗೆ ಪೊಲರಾಯ್ಡಿಗಿಂತ ಇದು ವಾಸಿ ಅನ್ನಲು ಅದೂ ಒಂದು ಕಾರಣ.

ಒಂದು ಚಿತ್ರಕ್ಕೆ ಇಷ್ಟೊಂದು ಪಾಡೇ ಎಂದರೆ, ಹೌದು. ಮಕ್ಕಳ ಹುಟ್ಟುಹಬ್ಬಕ್ಕೆ ಇದನ್ನು ಒಯ್ಯಬೇಡಿ. ಒಬ್ಬರನ್ನು ಕೂರಿಸಿ, ಮಾತಾಡುತ್ತ, ಮಧ್ಯಾಹ್ನಕ್ಕೆ ಮೂರು ನಾಲ್ಕು ಚಿತ್ರ ತೆಗೆಯುವ ಪುರುಸೊತ್ತು ಇದ್ದವರ ಕೆಲಸ ಇದು. ಯಾಶಿಕಾದ ಗಾಜಿನ ಲೆನ್ಸಿನಿಂದ ಬಂದ ಆ ಮುಖ, ಇನ್‌ಸ್ಟಾಕ್ಸಿನ ಪ್ಲಾಸ್ಟಿಕ್ ಲೆನ್ಸು ಕೊಡುವ ಮುಖಕ್ಕಿಂತ ಎಷ್ಟು ಬೇರೆ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಹೇಳಬೇಕಾಗಿಲ್ಲ.

ಪ್ರಿಂಟ್ ಕಾಪಾಡುವುದು

ಹಾಳೆ ಒಡೆದು ಅಂಟು ಕೈಗೆ ತಾಗಿದರೆ ತಕ್ಷಣ ನೀರಿನಲ್ಲಿ ತೊಳೆಯಿರಿ. ಅದು ಕ್ಷಾರ, ಚರ್ಮ ಉರಿಯುತ್ತದೆ. ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಹೊಸ ಪ್ರಿಂಟನ್ನು ಕತ್ತರಿಯಲ್ಲಿ ಕತ್ತರಿಸಬೇಡಿ.

ಹೊಸ ಪ್ರಿಂಟಿನ ಒಳಗೆ ತೇವ ಉಳಿದಿರುತ್ತದೆ. ಮೊದಲ ಕೆಲವು ವಾರ ಗಾಳಿಯಾಡುವ ಕಡೆ, ಬಿಸಿಲು ಬೀಳದಲ್ಲಿ ಇಡಿ. ಪ್ಲಾಸ್ಟಿಕ್ ಆಲ್ಬಮ್ಮಿಗೂ ಗಾಜಿನ ಕಟ್ಟಿಗೂ ಆಮೇಲೆ ಹಾಕಿ. ಮಂಗಳೂರು, ಆಗುಂಬೆ ಕಡೆಯವರು ಮಳೆಗಾಲ ಹಿಡಿಯುವ ಮುನ್ನ ಪ್ರಿಂಟುಗಳನ್ನೂ ಕ್ಯಾಮೆರಾವನ್ನೂ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಗೆ ಸೇರಿಸಿ, ಪೊಟ್ಟಣದ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಈ ಚಿತ್ರಕ್ಕೆ ನೆಗೆಟಿವ್ ಇಲ್ಲ, ಇರುವುದು ಈ ಒಂದೇ ಪ್ರತಿ. ಯಾರಿಗಾದರೂ ಕೊಟ್ಟುಬಿಡುವ ಮೊದಲು ಅದನ್ನು ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಸ್ಕ್ಯಾನರಿನ ಗಾಜಿಗೆ ಪ್ರಿಂಟ್ ಅಂಟಿ ಉಂಗುರದಂಥ ಗೆರೆ ಮೂಡಿದರೆ, ನಾಲ್ಕು ಮೂಲೆಗೂ ಒಂದೊಂದು ಚೂರು ಟೇಪ್ ಕೊಟ್ಟು ಕೂದಲೆಳೆ ಎತ್ತರಿಸಿ ಇನ್ನೊಮ್ಮೆ ಮಾಡಿ.